ಅಳಿದ ಪ್ರಭುತ್ವಗಳ ಉಳಿದ ಕಟ್ಟಡಗಳು

ಕೃಷ್ಣರಾಜಪೇಟೆಯಿಂದ ಚಿನಕುರಳಿ, ಪಾಂಡವಪುರಗಳ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಒಮ್ಮೆಯಾದರೂ ಹೋಗಿಬಾರದ ವಿದ್ಯಾರ್ಥಿನಿಯು ಈ ಸೀಮೆಯ ಶಾಲೆಗಳಲ್ಲಿ ವಿರಳವೆಂದೇ ಹೇಳಬೇಕು. ಬೆಳಗಿನ ಜಾವದಲ್ಲಿ ಬುತ್ತಿ ಕಟ್ಟಿಕೊಂಡು ಹೊರಟು, ರಂಗನಾಥನ ಗುಡಿಯ ಗೋಪುರವನ್ನೂ ಕೋಟೆಯನ್ನೂ ಸೆರೆಮನೆಯನ್ನೂ ಕಂಡು, ದರಿಯಾ ದೌಲತ್ತಿನ ತೋಟದ ನೆರಳಿನಲ್ಲಿ ಉಂಡು, ಗುಂಬಜನ್ನು ನೋಡಿ, ಸಂಜೆಗೆ ಹಿಂದಿರುಗಿದ ನೆನಪು ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಬಹುಮಂದಿಗೆ ಇದ್ದೇ ಇರುವುದು. ಅಂತಹ ಒಂದು ಪ್ರವಾಸದಲ್ಲಿ ಎಂಟನೆಯ ತರಗತಿಯ ಬಾಲಕಿಯೊಬ್ಬಳು ತನ್ನ ಉಪಾಧ್ಯಾಯಿನಿಯನ್ನು ಹೀಗೆ ಕೇಳಿದಳು: “ಅಮ್ಮಾ, ಆ ಅರಸನು ಕೆಟ್ಟವನಾಗಿದ್ದರೆ ಅವನ ಮನೆಯನ್ನು ಇಷ್ಟು ಜೋಪಾನವಾಗಿ ಏಕೆ ಇಟ್ಟುಕೊಂಡಿದ್ದಾರೆ? ಒಳ್ಳೆಯವನಾಗಿದ್ದರೆ ಅವನ ಸೆರೆಮನೆಯನ್ನು ಏಕೆ ತೋರಿಸುತ್ತಾರೆ?”

ಆ ದಿನ ಆಕೆಗೆ ತಕ್ಕ ಉತ್ತರವು ದೊರೆಯಲಿಲ್ಲ. ಮಧ್ಯಾಹ್ನದ ಬಿಸಿಲು, ಮಕ್ಕಳ ಗದ್ದಲ, ಹೊರಡುವ ಆತುರ, ಇವುಗಳ ನಡುವೆ ಪ್ರಶ್ನೆಯು ಹಾಗೆಯೇ ನಿಂತುಹೋಯಿತು. ಆದರೆ ಅದು ಬಾಲಿಶವಾದ ಪ್ರಶ್ನೆಯಲ್ಲ. ಬಿದ್ದುಹೋದ ನಿರಂಕುಶ ಪ್ರಭುತ್ವವು ಬಿಟ್ಟುಹೋದ ಕಟ್ಟಡಗಳನ್ನು ಏನು ಮಾಡಬೇಕೆಂಬ ಈ ಪ್ರಶ್ನೆಯನ್ನು ಲೋಕದ ದೊಡ್ಡ ದೊಡ್ಡ ರಾಷ್ಟ್ರಗಳೂ ಇಂದು ಕೇಳಿಕೊಳ್ಳುತ್ತಿವೆ. ಅದಕ್ಕೆ ನನಗೆ ತೋರಿದ ಉತ್ತರವನ್ನು ಇಲ್ಲಿ ಪೋಷಕರ ಮುಂದೆಯೂ ಸೋದರಿಯರ ಮುಂದೆಯೂ ಇಡುವೆನು.

ಮೊದಲು ಒಂದು ಮಾತು. ಟಿಪ್ಪು ಸುಲ್ತಾನನನ್ನು ಇಂದಿನ ಅರ್ಥದಲ್ಲಿ ಸರ್ವಾಧಿಕಾರಿಯೆಂದು ಕರೆದು ಬೇರೆ ಅರಸರನ್ನೆಲ್ಲ ಬಿಟ್ಟುಬಿಡುವುದು ನ್ಯಾಯವಾಗಲಾರದು. ಹದಿನೆಂಟನೆಯ ಶತಮಾನದ ದೊರೆಗಳಲ್ಲಿ ಪ್ರಜೆಗಳ ಸಮ್ಮತಿಯನ್ನು ಪಡೆದು ಆಳಿದವರು ಯಾರೂ ಇರಲಿಲ್ಲ. ಆತನನ್ನು ಜಯಿಸಿದ ಇಂಗ್ಲಿಷ್ ಕಂಪನಿಯವರೂ ಇಲ್ಲಿಯ ಜನರ ಒಪ್ಪಿಗೆಯನ್ನು ಕೇಳಿ ಆಳಿದವರಲ್ಲ. ಅವರ ಅಧಿಕಾರವು 1858ರಲ್ಲಿಯೂ, ಅವರ ಹಿಂದಿನಿಂದ ಬಂದ ಬ್ರಿಟಿಷ್ ಚಕ್ರಾಧಿಪತ್ಯದ ಇಲ್ಲಿಯ ಆಳ್ವಿಕೆಯು 1947ರಲ್ಲಿಯೂ ಮುಗಿದುವು. ಆದುದರಿಂದ ನಮ್ಮ ಶ್ರೀರಂಗಪಟ್ಟಣದ ದ್ವೀಪದಲ್ಲಿ ಇರುವುದು ಒಂದಲ್ಲ, ಎರಡು ಅಳಿದ ಪ್ರಭುತ್ವಗಳ ಕಲ್ಲುಗಳು. ಒಂದನ್ನು ಅಳೆಯುವ ಕೋಲಿನಿಂದಲೇ ಇನ್ನೊಂದನ್ನೂ ಅಳೆಯಬೇಕು.

1799ನೆಯ ಮೇ ತಿಂಗಳ 4ನೆಯ ದಿನ ಕೋಟೆಯು ಬಿದ್ದಿತು. ಮರುದಿನ ಸುಲ್ತಾನನನ್ನು ಸೈನಿಕ ಮರ್ಯಾದೆಯೊಡನೆ ಗುಂಬಜಿನಲ್ಲಿ ಆತನ ತಂದೆಯಾದ ಹೈದರಾಲಿಯ ಪಕ್ಕದಲ್ಲಿ ಸಮಾಧಿ ಮಾಡಿದರು. ಶವಕ್ಕೆ ದೊರೆತ ಮರ್ಯಾದೆಯು ಸಿಂಹಾಸನಕ್ಕೆ ದೊರೆಯಲಿಲ್ಲ. ಹುಲಿಯ ತಲೆಯುಳ್ಳ ಆ ಚಿನ್ನದ ಸಿಂಹಾಸನವನ್ನು ತುಂಡುಮಾಡಿ ಗೆದ್ದವರು ಹಂಚಿಕೊಂಡರು. ಕೋಟೆಯೊಳಗಿದ್ದ ಲಾಲ್ ಮಹಲ್ ಅರಮನೆಯ ಬಹುಭಾಗವನ್ನು ಕಾಲಕ್ರಮದಲ್ಲಿ ಕೆಡವಿದರು. ಉಳಿದುದು ಕೆಲಕಾಲ ಶ್ರೀಗಂಧದ ಉಗ್ರಾಣವಾಗಿತ್ತು. ಈಗ ಅಲ್ಲಿ ತಳಹದಿಯ ಗುರುತು ಹೊರತು ಬೇರೇನೂ ಕಾಣುವುದಿಲ್ಲ. ಆ ಅರಮನೆಯ ಅಂತಃಪುರದಲ್ಲಿದ್ದ ನೂರಾರು ಹೆಂಗಸರನ್ನು ಮುಂದೆ ವೆಲ್ಲೂರಿಗೆ ಸಾಗಿಸಿದರು. ಅವರಲ್ಲಿ ಬಹುಮಂದಿಯ ಹೆಸರು ನಮಗೆ ಗೊತ್ತಿಲ್ಲ. ಅವರು ವಾಸವಾಗಿದ್ದ ಕೋಣೆಗಳೂ ಈಗ ಇಲ್ಲ.

ಅರಮನೆಯ ತೊಲೆಗಳ ಕಥೆಯನ್ನು ಕ್ರೈಸ್ತರಾದ ನಾವು ವಿಶೇಷವಾಗಿ ತಿಳಿದಿರಬೇಕು. ಉದಕಮಂಡಲದ ಸೇಂಟ್ ಸ್ಟೀಫನ್ಸ್ ಚರ್ಚು 1830ರಲ್ಲಿ ಪ್ರತಿಷ್ಠೆಯಾಯಿತಷ್ಟೆ. ಆ ದೇವಾಲಯದ ಮಾಡನ್ನು ಹೊತ್ತಿರುವ ದೊಡ್ಡ ಮರಗಳು ಶ್ರೀರಂಗಪಟ್ಟಣದ ಲಾಲ್ ಮಹಲಿನಿಂದ ಬೆಟ್ಟದ ದಾರಿಯಲ್ಲಿ ಸಾಗಿ ಹೋದವು. ಸುಲ್ತಾನನ ಮನೆಯ ತೊಲೆಯ ಕೆಳಗೆ ಇಂದಿಗೂ ದೇವಾರಾಧನೆಯು ನಡೆಯುತ್ತಿದೆ. ಇದನ್ನು ಕೇಳಿ ಕೆಲವರು ಸಂತೋಷಪಡಬಹುದು, ಕೆಲವರು ನೊಂದುಕೊಳ್ಳಬಹುದು. ಮರಕ್ಕೆ ಮಾತ್ರ ಇದರಲ್ಲಿ ಹಂಗಿಲ್ಲ.

ಇದಕ್ಕಿಂತಲೂ ಹಿಂದಿನ ಇನ್ನೊಂದು ನಿದರ್ಶನವು ಮೈಸೂರಿನದು. 1780ರ ದಶಕದಲ್ಲಿ ಟಿಪ್ಪು ಸುಲ್ತಾನನು ಒಡೆಯರ ಹಳೆಯ ಕೋಟೆಯನ್ನೂ ಊರನ್ನೂ ಕೆಡವಿಸಿ, ಅದೇ ಕಲ್ಲುಗಳಿಂದ ಸಮೀಪದಲ್ಲಿ ನಜರಬಾದೆಂಬ ಹೊಸ ಕೋಟೆಯನ್ನು ಕಟ್ಟಿಸತೊಡಗಿದನು. ಹಿಂದಿನ ವಂಶದ ಗುರುತನ್ನೇ ಅಳಿಸಬೇಕೆಂಬುದು ಅವನ ಉದ್ದೇಶವಾಗಿದ್ದಿರಬೇಕು. ಸೆರೆಯಂತಹ ಬಾಳಿನಲ್ಲಿ ವರ್ಷಗಟ್ಟಲೆ ಕಾದಿದ್ದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಪ್ರಯತ್ನವು 1799ರಲ್ಲಿ ಫಲಿಸಿ, ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದ ಮೇಲೆ, ನಜರಬಾದಿನಿಂದ ಆ ಕಲ್ಲುಗಳನ್ನು ಹಿಂದಕ್ಕೆ ಹೊತ್ತು ತಂದು ಮೈಸೂರಿನ ಕೋಟೆಯನ್ನು ಪುನಃ ಕಟ್ಟಿದರು. ಹೋದ ಕಲ್ಲೇ ಬಂದಿತು. ಹೊತ್ತವರು ಯಾರು? ಎರಡು ಸಲವೂ ಬಡ ಪ್ರಜೆಗಳೇ ಅಲ್ಲವೇ? ಕೆಡವುವುದರಿಂದ ಚರಿತ್ರೆಯು ಅಳಿಯಲಿಲ್ಲ. ಕೂಲಿಯವರ ಬೆನ್ನು ಮಾತ್ರ ಬಾಗಿತು.

ಕೆಡವದೆ ಉಳಿಸಿಕೊಂಡುದಕ್ಕೆ ನಿದರ್ಶನವು ದರಿಯಾ ದೌಲತ್ತು. 1784ರಲ್ಲಿ ಕಟ್ಟಿಸಿದ ಈ ಬೇಸಿಗೆಯ ಅರಮನೆಯ ಪಡುವಣ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಅದರಲ್ಲಿ ಇಂಗ್ಲಿಷರ ದಂಡು ಸೋಲುತ್ತಿರುವುದನ್ನೂ, ಅವರ ದಳಪತಿ ಕರ್ನಲ್ ಬೇಯ್ಲಿಯು ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತಿರುವುದನ್ನೂ ಬರೆದಿದ್ದಾರೆ. ಆ ಬೇಯ್ಲಿಯು ಸೆರೆಸಿಕ್ಕಿ 1782ರಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಮೃತನಾದನು. ಕೋಟೆಯು ಬೀಳುವುದಕ್ಕೆ ಮುಂಚೆಯೇ ಈ ಚಿತ್ರಗಳು ಅಳಿಸಿಹೋಗಿದ್ದುವು. ಯುದ್ಧವಾದ ಮೇಲೆ ಅಲ್ಲಿ ವಾಸಮಾಡಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಅವನ್ನು ಸರಿಪಡಿಸಿದನು. ಪುನಃ ಮಾಸಿದಾಗ, 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯು, ಮೊದಲಿನ ಚಿತ್ರವು ನೆನಪಿನಲ್ಲಿದ್ದ ಈ ದೇಶದ ಚಿತ್ರಗಾರನೊಬ್ಬನಿಂದ ಅವನ್ನು ಮತ್ತೆ ಬರೆಯಿಸಿದನು. ತನ್ನ ಜನರ ಸೋಲಿನ ಚಿತ್ರಕ್ಕೆ ಗೆದ್ದವನೇ ಬಣ್ಣ ಹಚ್ಚಿಸಿದನು! ಅವನ ರಾಜ್ಯಾಕ್ರಮಣದ ನೀತಿಯನ್ನು ನಾವು ಹೊಗಳಬೇಕಾಗಿಲ್ಲ. ಆದರೆ ಈ ಒಂದು ಕೆಲಸದಿಂದ ಕಲಿಯಬೇಕಾದುದುಂಟು. ಗೋಡೆಯು ನಮ್ಮನ್ನು ಹೊಗಳದಿದ್ದರೂ ಅದನ್ನು ಉಳಿಸಬೇಕು.

ಇನ್ನು ನಮ್ಮ ನೋವಿನ ಮಾತಿಗೆ ಬರುವೆನು. 1784ರಲ್ಲಿ ಕೆನರಾ ಸೀಮೆಯ ಕಥೋಲಿಕ ಕ್ರೈಸ್ತರನ್ನು, ಅವರು ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ, ಕುಟುಂಬ ಸಮೇತರಾಗಿ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತಂದರು. ಮಂಗಳೂರಿನ ಮಿಲಾಗ್ರಿಸ್ ಚರ್ಚು ಮೊದಲಾದ ದೇವಾಲಯಗಳು ಕೆಡವಲ್ಪಟ್ಟವು. ಸೆರೆಯಾದವರ ಸಂಖ್ಯೆಯ ವಿಷಯದಲ್ಲಿ ಚರಿತ್ರಕಾರರು ಒಮ್ಮತಕ್ಕೆ ಬಂದಿಲ್ಲ; ಹತ್ತಾರು ಸಾವಿರವೆಂಬ ಲೆಕ್ಕಗಳಿವೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು. ಬಲವಂತದ ಮತಾಂತರವೂ ನಡೆಯಿತು. ಉಳಿದವರು ಹದಿನೈದು ವರ್ಷಗಳ ಮೇಲೆ, 1799ರಲ್ಲಿ, ಬಿಡುಗಡೆ ಹೊಂದಿದರು. ಕೊಡಗಿನ ಜನರೂ ಇದೇ ಬಗೆಯ ಸೆರೆಯನ್ನು ಅನುಭವಿಸಿದರು. ಕೋಟೆಯು ಬಿದ್ದ ಮೇಲೆ ಚದರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರ ಹೆಸರನ್ನು ಗಂಜಾಮಿನ ಚರ್ಚು ಇಂದಿಗೂ ನೆನಪಿಗೆ ತರುತ್ತಿದೆ. ಈ ಸಂಚಿಕೆಯನ್ನು ಓದುವವರ ಮನೆಗಳಲ್ಲಿ, ಆ ಸೆರೆಯ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿದವರೂ ಇರಬಹುದು. ಅಂಥವರು ದರಿಯಾ ದೌಲತ್ತಿನ ಹೂವಿನ ಪಾತಿಗಳ ನಡುವೆ ನಡೆಯುವಾಗ ಅವರ ಎದೆಯಲ್ಲಿ ಭಾರವೇಳುವುದು ಸಹಜ. ಅದನ್ನು ಹಗೆತನವೆಂದು ಕರೆಯುವುದು ಯುಕ್ತವಲ್ಲ.

ಆದರೆ ಅದೇ ಸುಲ್ತಾನನು ರಂಗನಾಥನ ಗುಡಿಗೆ ಬೆಳ್ಳಿಯ ಪಾತ್ರೆಗಳನ್ನು ಒಪ್ಪಿಸಿದನು. 1791ರಲ್ಲಿ ಮರಾಠರ ದಂಡು ಶೃಂಗೇರಿಯ ಮಠವನ್ನು ಕೊಳ್ಳೆಹೊಡೆದಾಗ ಗುರುಗಳಿಗೆ ವಿನಯದಿಂದ ಕಾಗದ ಬರೆದು ಸಹಾಯವಿತ್ತನು; ಆ ಕಾಗದಗಳು 1916ರಲ್ಲಿ ಬೆಳಕಿಗೆ ಬಂದುವು. ತನ್ನ ನೆಲಕ್ಕಾಗಿ ಕತ್ತಿಯನ್ನು ಹಿಡಿದೇ ಸತ್ತನು. ಒಬ್ಬನು ಇದನ್ನು ಮಾತ್ರ ಹೇಳಿ ಅವನನ್ನು ಪೂಜಿಸುವನು. ಇನ್ನೊಬ್ಬನು ಅದನ್ನು ಮಾತ್ರ ಹೇಳಿ ಅವನ ಹೆಸರನ್ನೇ ಅಳಿಸಬೇಕೆನ್ನುವನು. ನಮ್ಮ ಕಾಲದಲ್ಲಿಯೇ, 2015ರಿಂದ ಸರ್ಕಾರವು ಆಚರಿಸತೊಡಗಿದ ಟಿಪ್ಪು ಜಯಂತಿಯು 2019ರಲ್ಲಿ ರದ್ದಾಯಿತು. ಬೆಂಗಳೂರು ಮೈಸೂರುಗಳ ನಡುವೆ ಓಡುತ್ತಿದ್ದ ಟಿಪ್ಪು ಎಕ್ಸ್‌ಪ್ರೆಸ್ಸೆಂಬ ರೈಲು 2022ರಲ್ಲಿ ಒಡೆಯರ್ ಎಕ್ಸ್‌ಪ್ರೆಸ್ಸಾಯಿತು. ಹೆಸರುಗಳು ಬದಲಾಗುವುದು ನಮಗೆ ಹೊಸತೂ ಅಲ್ಲ. ನಮ್ಮ ಕೃಷ್ಣರಾಜಪೇಟೆಯು ಹಿಂದೆ ಅತ್ತಿಕುಪ್ಪೆ. ಹಿರೋಡೆಯು ಫ್ರೆಂಚರ ದಂಡು ಇಳಿದುದರಿಂದ ಫ್ರೆಂಚ್ ರಾಕ್ಸ್ ಎನಿಸಿಕೊಂಡು, ಈಗ ಪಾಂಡವಪುರವಾಗಿದೆ. ಹೆಸರು ಬದಲಾದರೂ ಊರಿನ ಬಾವಿಯ ನೀರು ಬದಲಾಗಲಿಲ್ಲ.

ಹಾಗಾದರೆ ನ್ಯಾಯವಾದ ನಡತೆ ಯಾವುದು? ನನ್ನ ಅಭಿಪ್ರಾಯದಲ್ಲಿ ಎರಡು ಬಗೆಯ ವಸ್ತುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಬ್ಬನ ಗೌರವಕ್ಕಾಗಿ ಊರ ನಡುವೆ ನಿಲ್ಲಿಸಿದ ವಿಗ್ರಹ, ಇಟ್ಟ ಹೆಸರು, ನಡೆಸುವ ಉತ್ಸವ, ಇವು ಒಂದು ಬಗೆ. ಒಬ್ಬನು ಬಾಳಿ, ಆಳಿ, ಕಾದಾಡಿ ಬಿಟ್ಟುಹೋದ ಮನೆ, ಕೋಟೆ, ಸೆರೆಮನೆ, ಸಮಾಧಿ, ಇವು ಇನ್ನೊಂದು ಬಗೆ. ಮೊದಲನೆಯದು ಹೊಗಳಿಕೆ, ಎರಡನೆಯದು ಸಾಕ್ಷಿ. ಹೊಗಳಿಕೆಯನ್ನು ಒಂದು ತಲೆಮಾರು ಕೊಟ್ಟರೆ ಮತ್ತೊಂದು ತಲೆಮಾರು ವಿಚಾರಿಸಿ ಹಿಂತೆಗೆದುಕೊಳ್ಳಬಹುದು. ಸಾಕ್ಷಿಯನ್ನು ಮಾತ್ರ ಕೊಲ್ಲಬಾರದು. ಶ್ರೀರಂಗಪಟ್ಟಣದ ಗೋಡೆಗಳನ್ನು ನೆಲಸಮ ಮಾಡಿದರೆ ಸುಲ್ತಾನನ ಕೀರ್ತಿಗೆ ಕುಂದಾಗುವುದೋ ಇಲ್ಲವೋ, ಆ ಗೋಡೆಗಳ ಒಳಗೆ ನರಳಿದವರ ಮಾತಿಗೆ ಆಧಾರವೇ ಇಲ್ಲದಂತಾಗುವುದು. ಸೆರೆಯ ಮಕ್ಕಳ ಮಕ್ಕಳಾದವರು ಆ ಸ್ಥಳವನ್ನು ಉಳಿಸಿರೆಂದು ಎಲ್ಲರಿಗಿಂತ ಮೊದಲು ಕೇಳಬೇಕು.

ಬೆಂಗಳೂರಿನಲ್ಲಿ ನಡೆದ ಎರಡು ಸಂಗತಿಗಳನ್ನು ಈ ದೃಷ್ಟಿಯಿಂದ ಹೋಲಿಸಿ ನೋಡಬಹುದು. 1791ರ ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ದಂಡಿನವರ ಸ್ಮಾರಕ ಸ್ತಂಭವನ್ನು 1964ರಲ್ಲಿ ಕೆಡವಿದರು. ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಕುದುರೆ ಸವಾರಿಯ ವಿಗ್ರಹವನ್ನು 2020ರಲ್ಲಿ ಉಚ್ಚ ನ್ಯಾಯಾಲಯದ ಆವರಣದಿಂದ ಕಬ್ಬನ್ ಉದ್ಯಾನದೊಳಕ್ಕೆ ಸಾಗಿಸಿದರು. ಮೊದಲನೆಯದು ಇನ್ನು ಯಾವ ಮಗುವಿಗೂ ಏನನ್ನೂ ಕಲಿಸಲಾರದು. ಎರಡನೆಯದು ನ್ಯಾಯಸ್ಥಾನದ ಎದುರಿನ ಗೌರವವನ್ನು ಬಿಟ್ಟುಕೊಟ್ಟಿತು. ಆದರೆ ನೋಡಬೇಕೆಂಬವರಿಗೆ ಈಗಲೂ ಕಾಣುತ್ತದೆ. ಸ್ಥಾನಪಲ್ಲಟವು ನಾಶವಲ್ಲ.

ಹೊರಗಿನ ಲೋಕದಲ್ಲಿಯೂ ಇದೇ ವಿವೇಚನೆ ನಡೆದಿದೆ. ಹಂಗೆರಿಯವರು ಕಮ್ಯೂನಿಸ್ಟ್ ಆಳ್ವಿಕೆಯ ವಿಗ್ರಹಗಳನ್ನು ಬೀದಿಗಳಿಂದ ತೆಗೆದರೂ ಒಡೆಯದೆ, ಬುಡಾಪೆಸ್ಟಿನ ಹೊರವಲಯದ ಒಂದು ತೋಟದಲ್ಲಿ ಸೇರಿಸಿ 1993ರಲ್ಲಿ ಜನರಿಗೆ ತೆರೆದಿಟ್ಟರು. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಹಿಟ್ಲರನ ಪಕ್ಷವು ಕಟ್ಟಿ ಪೂರ್ಣಗೊಳಿಸದೆ ಬಿಟ್ಟ ದೊಡ್ಡ ಸಭಾಭವನದಲ್ಲಿ, ಆ ಪಕ್ಷದ ಅಪರಾಧಗಳನ್ನೇ ವಿವರಿಸುವ ಪ್ರದರ್ಶನ ಶಾಲೆಯನ್ನು 2001ರಲ್ಲಿ ಸ್ಥಾಪಿಸಿದರು. ಸ್ಪೇನಿನಲ್ಲಿ ಸೆರೆಯಾಳುಗಳ ದುಡಿಮೆಯನ್ನೂ ಬಳಸಿ ಕಟ್ಟಿದ ಬೆಟ್ಟದ ದೇವಾಲಯದಿಂದ ಫ್ರಾಂಕೋವಿನ ಶವವನ್ನು 2019ರಲ್ಲಿ ಹೊರತೆಗೆದು ಬೇರೆಡೆ ಹೂಳಿದರು; ದೇವಾಲಯವನ್ನು ಕೆಡವಲಿಲ್ಲ. ಇದಕ್ಕೆ ವಿರುದ್ಧವಾದ ಎಚ್ಚರಿಕೆಯ ಕಥೆಯೂ ಒಂದುಂಟು. ಇರಾಕಿನಲ್ಲಿ ಸದ್ದಾಂ ಹುಸೇನನು ಜನರನ್ನು ಹಿಂಸಿಸಿದ ಅಬು ಗ್ರೇಬ್ ಸೆರೆಮನೆಯನ್ನು 2003ರಲ್ಲಿ ಅವನನ್ನು ಉರುಳಿಸಿದ ಅಮೆರಿಕನರು ತಾವೇ ಸೆರೆಮನೆಯಾಗಿ ಉಪಯೋಗಿಸಿದರು. ಮರುವರ್ಷ ಅಲ್ಲಿಯೇ ತಮ್ಮ ಸೈನಿಕರು ನಡೆಸಿದ ಹಿಂಸೆಯು ಬಯಲಾಗಿ ಲೋಕದ ಮುಂದೆ ತಲೆತಗ್ಗಿಸಿದರು. ಕಟ್ಟಡವನ್ನು ಉಳಿಸಿ ಅದರ ಪಾಠವನ್ನು ಮರೆತರೆ ಆಗುವ ಗತಿ ಇದು.

ನಿರಂಕುಶರ ಕಟ್ಟಡಗಳಿಗೆ ಬಡವರ ತೆರಿಗೆಯ ಹಣವನ್ನು ಸುರಿಯುವುದೇಕೆಂದು ಕೇಳುವವರುಂಟು. ಕೇಳತಕ್ಕ ಮಾತೇ ಸರಿ. ಶ್ರೀರಂಗಪಟ್ಟಣದಲ್ಲಿ ರೈಲಿನ ಜೋಡಿ ಹಳಿಗೆ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದು ಅಡ್ಡವಾಗಿತ್ತು. ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು 2017ರಲ್ಲಿ ಬುಡಸಮೇತ ಮೇಲೆತ್ತಿ, ನೂರು ಮೀಟರಿಗೂ ಹೆಚ್ಚು ದೂರ ಜರುಗಿಸಿ ನಿಲ್ಲಿಸಿದರು. ಒಂದು ದಿನದಲ್ಲಿ ಒಡೆದು ಹಾಕಬಹುದಾಗಿದ್ದುದಕ್ಕೆ ಇಷ್ಟು ಶ್ರಮವೇಕೆ? ಆ ಕಟ್ಟಡದ ಇಟ್ಟಿಗೆಯನ್ನು ಸುಟ್ಟವರೂ ಗಾರೆಯನ್ನು ಅರೆದವರೂ ಸುಲ್ತಾನರಲ್ಲ. ಈ ಸೀಮೆಯ ಸಾಮಾನ್ಯ ಜನರು. ಅವರ ಕೈಕೆಲಸವಾಗಿ ಉಳಿದಿರುವುದು ಅಷ್ಟೇ. ಅರಸನ ಮೇಲಿನ ಕೋಪವನ್ನು ಅವರ ಕೈಕೆಲಸದ ಮೇಲೆ ತೀರಿಸಿಕೊಳ್ಳಬಾರದು.

ಆದರೆ ಉಳಿಸುವುದೊಂದೇ ಸಾಲದು. ಉಳಿಸಿದುದರ ಪಕ್ಕದಲ್ಲಿ ಪೂರ್ಣವಾದ ಸತ್ಯವನ್ನು ಬರೆಯಬೇಕು. ಕೋಟೆಯೊಳಗೆ ಹೊಳೆಯ ಕಡೆ 1907ರಲ್ಲಿ ಮೈಸೂರು ಸರ್ಕಾರವು ನಿಲ್ಲಿಸಿದ ಸ್ತಂಭವೊಂದಿದೆ. ಅದರ ಮೇಲೆ ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಪಕ್ಷದ ಅಧಿಕಾರಿಗಳ ಹೆಸರುಗಳಿವೆ. ಆ ದಿನ ಕೋಟೆಯ ಒಳಗೆ ಸತ್ತ ಕನ್ನಡ ನಾಡಿನ ಸಾವಿರಾರು ಸಿಪಾಯಿಗಳ ಹೆಸರು ಅಲ್ಲಿಲ್ಲ. ಬೇಯ್ಲಿಯ ಸೆರೆಮನೆಯನ್ನು ಎಲ್ಲರೂ ನೋಡುವರು. ಕೆನರಾದಿಂದ ಬಂದ ಸೆರೆಯ ಹೆಂಗಸರು ಮಕ್ಕಳ ಸುದ್ದಿಯನ್ನು ನೋಡಲು ಬಂದವರಲ್ಲಿ ಎಷ್ಟು ಮಂದಿ ಕೇಳಿಕೊಂಡು ಹಿಂದಿರುಗುತ್ತಾರೆ? 1792ರಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡು ನಾಗಮಂಗಲವನ್ನು ಹಾಳುಮಾಡಿತು. ಅಲ್ಲಿ ಮನೆ ಮಠ ಕಳೆದುಕೊಂಡವರಿಗೆ ಯಾವ ಸ್ತಂಭವೂ ಏಳಲಿಲ್ಲ. ದೊರೆಗಳಿಗೂ ದಳಪತಿಗಳಿಗೂ ಕಲ್ಲು ದೊರೆಯಿತು, ನೊಂದವರಿಗೆ ದೊರೆಯಲಿಲ್ಲ.

ಕ್ರೈಸ್ತ ಮಿಷನ್ನಿನ ಶಾಲೆಯಲ್ಲಿ ಕಲಿತ ನಾವು ಈ ವಿಷಯದಲ್ಲಿ ಇತರರಿಗೆ ಬುದ್ಧಿ ಹೇಳುವುದಕ್ಕೆ ಮೊದಲು ನಮ್ಮನ್ನೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಮಿಷನರಿಗಳು ಈ ನಾಡಿನ ಹೆಣ್ಣುಮಕ್ಕಳಿಗೆ ಅಕ್ಷರವನ್ನು ಕಲಿಸಿದರು, ರೋಗಿಗಳನ್ನು ಉಪಚರಿಸಿದರು. ಆ ಉಪಕಾರವನ್ನು ಮರೆಯಲಾಗದು. ಆದರೂ ಅವರು ಬಂದದ್ದು 1799ರ ಜಯದಿಂದ ತೆರೆದ ಬಾಗಿಲಿನ ಮೂಲಕವೆಂಬುದು ನಿಜ. ನಮ್ಮ ಹಳೆಯ ಚರ್ಚುಗಳ ಗೋಡೆಗಳಲ್ಲಿ ದಂಡಿನ ಅಧಿಕಾರಿಗಳ ಸ್ಮಾರಕ ಫಲಕಗಳಿರುವುದನ್ನು ಕಂಡವರು ಬಲ್ಲರು. ನಾಳೆ ಯಾರಾದರೂ, ಇವು ಆಳಿದವರು ಬಿಟ್ಟುಹೋದ ಕಟ್ಟಡಗಳು, ಇವನ್ನು ಏಕೆ ಉಳಿಸಬೇಕೆಂದು ಕೇಳಿದರೆ, ಶ್ರೀರಂಗಪಟ್ಟಣದ ವಿಷಯದಲ್ಲಿ ನಾವು ಇಂದು ಕೊಡುವ ಉತ್ತರವೇ ನಮ್ಮ ರಕ್ಷಣೆಗೂ ಬರಬೇಕು. ನೆರೆಯವನ ಗೋಡೆಗೆ ಒಂದು ನ್ಯಾಯ, ನಮ್ಮ ಗೋಡೆಗೆ ಇನ್ನೊಂದು ನ್ಯಾಯವೆಂಬುದು ಸತ್ಯವೇದವನ್ನು ಓದಿದವರಿಗೆ ಶೋಭಿಸದು.

ನನ್ನ ಸೂಚನೆಗಳು ಸ್ವಲ್ಪವೇ. ಶ್ರೀರಂಗಪಟ್ಟಣದ ಪ್ರತಿಯೊಂದು ಕಟ್ಟಡದ ಬಳಿಯಲ್ಲಿ ಹಳ್ಳಿಯ ಹುಡುಗಿಯೂ ಓದಿ ತಿಳಿಯಬಹುದಾದ ಕನ್ನಡದಲ್ಲಿ, ಯಾರನ್ನೂ ಹೊಗಳದೆ ಯಾರನ್ನೂ ತೆಗಳದೆ, ನಡೆದುದನ್ನು ನಡೆದಂತೆ ತಿಳಿಸುವ ಫಲಕವಿರಲಿ. ಅದರಲ್ಲಿ ಸೆರೆಯಾಗಿ ಬಂದವರ ಹೆಸರಿಲ್ಲದಿದ್ದರೂ ಸುದ್ದಿಯಿರಲಿ. ಕೋಟೆಯನ್ನು ಕಾಯುತ್ತ ಸತ್ತವರ ಸುದ್ದಿಯೂ ಇರಲಿ. ಪ್ರವಾಸಕ್ಕೆ ಕರೆದೊಯ್ಯುವ ಉಪಾಧ್ಯಾಯಿನಿಯರು ಲಾಲ್ ಮಹಲಿನ ಖಾಲಿ ನೆಲದ ಮುಂದೆಯೂ ಕೆಲವು ನಿಮಿಷ ಮಕ್ಕಳನ್ನು ನಿಲ್ಲಿಸಲಿ. ಕೆಡವಿದ ಸ್ಥಳದಲ್ಲಿ ಏನು ಉಳಿಯುತ್ತದೆಂಬುದನ್ನು ಅವರು ಕಣ್ಣಾರೆ ಕಾಣಲಿ. ಮನೆಯಲ್ಲಿ ಹಿರಿಯರು ತಮ್ಮ ವಂಶದ ನೋವಿನ ಕಥೆಯನ್ನು ಹೇಳುವಾಗ, ಅದೇ ಕಾಲದಲ್ಲಿ ಪಕ್ಕದ ಬೀದಿಯವರು ಪಟ್ಟ ನೋವನ್ನೂ ಸೇರಿಸಿ ಹೇಳಲಿ.

ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದಾಗ ಯೆಹೋಶುವನು ಹೊಳೆಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ತೆಗೆಸಿ ದಡದಲ್ಲಿ ನಿಲ್ಲಿಸಿದನು. ಮುಂದಿನ ಮಕ್ಕಳು ಅವನ್ನು ಕಂಡು ಅರ್ಥವನ್ನು ಕೇಳಲಿ, ಹಿರಿಯರು ನಡೆದುದನ್ನು ಹೇಳಲಿ ಎಂಬುದೇ ಅವನ ಉದ್ದೇಶವಾಗಿತ್ತು. ಕಾವೇರಿಯ ದಡದ ಕಲ್ಲುಗಳ ಮುಂದೆ ನಮ್ಮ ಬಾಲಕಿಯು ಕೇಳಿದಳು; ಹೇಳಬೇಕಾದ ಹಿರಿಯರು ನಾವು. ಆಕೆಗೆ ಹೀಗೆಂದು ಹೇಳಬಹುದು: “ಮಗಳೇ, ಅವನು ಒಳ್ಳೆಯವನೆಂದು ಮನೆಯನ್ನು ಇಟ್ಟುಕೊಂಡಿಲ್ಲ, ಕೆಟ್ಟವನೆಂದು ಸೆರೆಮನೆಯನ್ನು ತೋರಿಸುವುದೂ ಇಲ್ಲ. ಎರಡೂ ಅವನವೇ. ಎರಡನ್ನೂ ನೋಡಿ ನಾಳೆ ನೀನು ಯಾರ ಕೈಗೆ ಎಷ್ಟು ಅಧಿಕಾರವನ್ನು ಕೊಡಬೇಕೆಂದು ಯೋಚಿಸಲಿ ಎಂದೇ ಇಟ್ಟಿದ್ದೇವೆ.” ಅವಳಿಗೆ ಹದಿನೆಂಟು ತುಂಬಿದಾಗ ಮತದಾನದ ಹಕ್ಕು ಬರುವುದು. ಆ ಹಕ್ಕು ಸುಲ್ತಾನನ ಪ್ರಜೆಗಳಿಗೂ ಇರಲಿಲ್ಲ, ಕಂಪನಿಯ ಪ್ರಜೆಗಳಿಗೂ ಇರಲಿಲ್ಲ.